ಟಕಟಕ ಅನ್ನೂದ ಬೇಕೇನ್ರೀ?

ಇಂಡಿಯವರು ಪುಣ್ಯವಂತರು. ನುಡಿ ತಂತ್ರಾಂಶದಲ್ಲಿ ತಮ್ಮ ಊರಿನ ಹೆಸರು ಬರೆಯಲು 4 ಕೀ ಒತ್ತಿದರೆ ಕೆಲಸ ಮುಗಿಯಿತು. ಸಿಂದಗಿಯವರಿಗೆ 6. ಕೊಲ್ಹಾರಕ್ಕೆ 7. ಮುದ್ದೇಬಿಹಾಳದವರು 11 ಕೀ ಒತ್ತಬೇಕು, ನಡುನಡುವೆ 3 ಸಲ ಶಿಫ್ಟ್ ಬೇರೆ ಹಿಡಿಯಬೇಕು. ಇನ್ನು ಬಸವನ ಬಾಗೇವಾಡಿಗೆ ನಡುವಿನ ಸ್ಪೇಸೂ ಸೇರಿ 13. ಕಾಯಕದ ಮಾತು ಹೇಳಿದವರು ಹುಟ್ಟಿದ ಊರು, ಬೆರಳಿಗೆ ಅಷ್ಟಾದರೂ ಕಾಯಕ ಕೊಡದೆ ಬಿಟ್ಟೀತೇ?

ಕೊಲ್ಹಾರ ಆ ಬಾಗೇವಾಡಿಯಿಂದ ಬೇರೆಯಾಗಿ ತಾನೇ ಒಂದು ತಾಲ್ಲೂಕಾಯಿತಲ್ಲ, ಅದರಿಂದ ಯಾರಿಗೆ ಎಷ್ಟು ಲಾಭ ಎಂಬ ಲೆಕ್ಕವನ್ನು ರಾಜಕೀಯದವರು ಹಾಕಿಕೊಳ್ಳಲಿ. ನನ್ನ ಲೆಕ್ಕ ಬೇರೆ. ಅರ್ಜಿಯ ಮೇಲೆ ‘ತಾ: ಬಸವನ ಬಾಗೇವಾಡಿ’ ಎಂದು ಒತ್ತುತ್ತಿದ್ದ ಕಡೆ ಈಗ ‘ತಾ: ಕೊಲ್ಹಾರ’ ಎಂದರೆ ಸಾಕು. ಪ್ರತಿ ಸಲಕ್ಕೂ 6 ಕೀ ಉಳಿತಾಯ. ಅರ್ಜಿ ಬರೆಯುವವರ ಬೆರಳಿಗೆ ಸರ್ಕಾರ ಇಷ್ಟು ದೊಡ್ಡ ಉಪಕಾರ ಮಾಡಿದ್ದನ್ನು ಒಬ್ಬ ಭಾಷಣಕಾರನೂ ಎತ್ತಿ ಹೇಳಲಿಲ್ಲ.

ಇಷ್ಟು ಕೀ ಎಣಿಸುವುದಕ್ಕೆ ನನಗೆ ಬೇರೆ ಉದ್ಯೋಗ ಇಲ್ಲವೇ ಅನ್ನಬೇಡಿ. ಈಚೆಗೆ ಕೀಬೋರ್ಡ್ ಕೊಳ್ಳುವವರು ಎಲ್ಲವನ್ನೂ ಎಣಿಸುತ್ತಾರೆ, ಇದೊಂದನ್ನು ಬಿಟ್ಟು. ಕೆಳಗೆ ಎಷ್ಟು ಬಣ್ಣದ ದೀಪ ಹತ್ತುತ್ತವೆ, ಒಳಗೆ ಎಷ್ಟು ಪದರ ಸ್ಪಂಜ್ ತುಂಬಿದ್ದಾರೆ, ಸ್ವಿಚ್ ಎಷ್ಟು ಗ್ರಾಂ ಭಾರಕ್ಕೆ ಕುಗ್ಗುತ್ತದೆ, ಒತ್ತಿದರೆ ‘ಥಾಕ್’ ಅನ್ನುತ್ತದೋ ‘ಟಕ್’ ಅನ್ನುತ್ತದೋ. ಹೌದು, ಥಾಕ್ ಅಂದರೆ ಮೇಲು ಜಾತಿ, ಟಕ್ ಅಂದರೆ ಕೆಳಗಿನದು. ಅಲ್ಲೂ ಬಿಡಲಿಲ್ಲ ನಾವು. ಆದರೆ ಇಷ್ಟು ಖರ್ಚು ಮಾಡಿ ಅದರ ಮೇಲೆ ಏನು ಬರೆಯುತ್ತೀ ತಮ್ಮಾ, ಯಾವ ಭಾಷೆಯಲ್ಲಿ ಬರೆಯುತ್ತೀ ಎಂದು ಕೇಳಿದರೆ ಹುಡುಗ ಮುಖ ನೋಡುತ್ತಾನೆ.

ನಮ್ಮ ಅಕ್ಕನ ಮಗ ಈ ಪಂಥದವನು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್. ಒಂದು ರವಿವಾರ ಪೂರ್ತಿ ನೆಲದ ಮೇಲೆ ಹಾಳೆ ಹಾಸಿಕೊಂಡು ಕೂತು, ಕೀಬೋರ್ಡಿನ ಒಂದೊಂದೇ ಸ್ವಿಚ್ ಬಿಚ್ಚಿ, ಸಣ್ಣ ಕುಂಚದಿಂದ ಒಳಗೆ ಗ್ರೀಸ್ ಸವರಿ, ಮತ್ತೆ ಮುಚ್ಚಿದನಂತೆ. ಅವನ ಮನೆಯ ಬಚ್ಚಲು ಬಾಗಿಲು ಮಾತ್ರ ವರ್ಷದಿಂದ ಕಿರ್ರೆನ್ನುತ್ತಲೇ ಇದೆ.

ಅವನು ಹಬ್ಬಕ್ಕೆ ಕೊಲ್ಹಾರಕ್ಕೆ ಬಂದಾಗ ಆ ಕೀಬೋರ್ಡನ್ನೂ ಚೀಲದಲ್ಲಿ ಹಾಕಿಕೊಂಡು ಬಂದಿದ್ದ. ಅಂಗೈಯೆರಡು ಜೋಡಿಸಿದರೆ ಮುಚ್ಚಿಹೋಗುವಷ್ಟು ಚಿಕ್ಕದು. ಅದನ್ನು ತೋರಿಸಲು ನಾನೇ ಅವನನ್ನು ತಹಸೀಲ್ದಾರ್ ಕಚೇರಿಯ ಹತ್ತಿರದ ಡಿಟಿಪಿ ಅಂಗಡಿಗೆ ಕರೆದೊಯ್ದೆ. ಅಂಗಡಿಯ ಯಜಮಾನರನ್ನು ಊರೆಲ್ಲ ಕಾಕಾ ಅನ್ನುತ್ತದೆ. ಖರೀದಿ ಪತ್ರ, ವಾಟ್ನಿ ಪತ್ರ, ಉತಾರದಲ್ಲಿ ಹೆಸರು ತಪ್ಪಾಗಿದೆ ಎಂಬ ಅರ್ಜಿ, ಜಾತಿ ಆದಾಯದ ಅರ್ಜಿ, ಲಗ್ನಪತ್ರಿಕೆಯ ಕರಡು: ಊರಿನ ಅರ್ಧ ಬದುಕು ಅವರ ಬೆರಳ ಸಂದಿನಿಂದಲೇ ಹೊರಗೆ ಬರಬೇಕು. ಟೇಬಲ್ಲಿನ ಮೇಲೆ ಒಂದು ಟಿವಿಎಸ್ ಗೋಲ್ಡ್. ಕೀಬೋರ್ಡಿನ ಹುಚ್ಚು ಹಿಡಿದವರಿಗೆ ಆ ಹೆಸರು ಹೇಳಿದರೆ ನಗುತ್ತಾರೆ. ಆದರೆ ಈ ಹುಡುಗರು ಹುಟ್ಟುವ ಹೊತ್ತಿಗೆ ನಮ್ಮ ಬ್ಯಾಂಕು, ಕಚೇರಿ, ಡಿಟಿಪಿ ಅಂಗಡಿಗಳಲ್ಲಿ ಅದು ಟಕಟಕ ಶುರುಮಾಡಿತ್ತು. ಬಹುಕಾಲ ಅದರ ಹೊಟ್ಟೆಯೊಳಗೆ ಕೂತಿದ್ದದ್ದು ಜರ್ಮನಿಯ ಚೆರ್ರಿ ಕಂಪನಿಯ ನೀಲಿ ಸ್ವಿಚ್ಚೇ. 2010ರಲ್ಲಿ ರೂಪಾಯಿಗೆ ಉದಯಕುಮಾರ್ ಅವರ ಹೊಸ ಚಿಹ್ನೆ ಬಂದ ಮೇಲೆ, ಆ ಚಿಹ್ನೆಯನ್ನು ಕೀ ಮೇಲೆ ಒತ್ತಿಸಿಕೊಂಡು ‘ಗೋಲ್ಡ್ ಭಾರತ್’ ಎಂಬ ಹೆಸರಿನಲ್ಲಿ ಬಂತು. ದೀಪ ಇಲ್ಲ, ಸ್ಪಂಜ್ ಇಲ್ಲ, ನಾಜೂಕಂತೂ ಇಲ್ಲವೇ ಇಲ್ಲ.

ಕಾಕಾ ಹುಡುಗನ ಕೀಬೋರ್ಡನ್ನು ಕನ್ನಡಕ ಏರಿಸಿ ನೋಡಿದರು. ತಮ್ಮ ಕಂಪ್ಯೂಟರಿಗೆ ಸಿಕ್ಕಿಸಿ, ನುಡಿ ತೆರೆದು, ಎರಡು ಸಾಲು ಒತ್ತಿದರು. ಹುಬ್ಬು ಗಂಟಾಯಿತು.

“ತಮ್ಮಾ, ಇದರಾಗ ಬಲಗಡೆ ಶಿಫ್ಟ್ ಎಲ್ಲಿಟ್ಟಾರೋ?”

“ಇಲ್ಲೇ ಐತಲ್ರಿ ಕಾಕಾ, ಬಾಣದ ಬಟನ್ ಮಗ್ಗಲದಾಗ.”

“ಇಷ್ಟ ಸಣ್ಣದು? ಶಿಫ್ಟ್ ಒತ್ತಾಕ ಹೋದ್ರ ಕರ್ಸರ್ ಮ್ಯಾಲಿನ ಸಾಲಿಗಿ ಹಾರತೈತಿ!”

ಹುಡುಗ ನಕ್ಕ. ನನಗೆ ನಗು ಬರಲಿಲ್ಲ, ಯಾಕೆಂದರೆ ಕಾಕಾ ಹೇಳಿದ್ದರಲ್ಲಿ ಇಡೀ ಶಾಸ್ತ್ರ ಅಡಗಿತ್ತು.

ಸ್ವಲ್ಪ ಬಿಡಿಸಿ ನೋಡೋಣ. ಮಂಗಳೂರು ಕಡೆಯ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ಇಂಗ್ಲಿಷಿನ 26 ಕೀಗಳ ಮೇಲೇ ಇಡೀ ಕನ್ನಡವನ್ನು ಕೂರಿಸಿಬಿಟ್ಟರು. ಕನ್ನಡ ಗಣಕ ಪರಿಷತ್ತಿನ ನುಡಿಯಲ್ಲಿ ಇರುವುದು ಆ ಜೋಡಣೆಯೇ. ಅಲ್ಪಪ್ರಾಣ ಸುಮ್ಮನೆ ಒತ್ತಿದರೆ ಬರುತ್ತದೆ, ಮಹಾಪ್ರಾಣಕ್ಕೆ ಶಿಫ್ಟ್. ಹ್ರಸ್ವ ಸುಮ್ಮನೆ, ದೀರ್ಘಕ್ಕೆ ಶಿಫ್ಟ್. ಈಗ ನೋಡಿ: ಕನ್ನಡದಲ್ಲಿ ಹೆಜ್ಜೆಗೊಂದು ಬರುವ ‘ಆ’ಕಾರ ಇರುವುದು ಎ ಮೇಲೆ, ಎಡಗೈ ಕಿರುಬೆರಳಿನ ಕೆಳಗೆ. ‘ಏ’ಕಾರ ಎಡಗಡೆ. ಘ, ಧ, ಥ, ಠ, ಢ, ಶ ಎಲ್ಲ ಎಡಗಡೆ. ಎಡಗೈ ಅಕ್ಷರ ಒತ್ತುವಾಗ ಶಿಫ್ಟ್ ಹಿಡಿಯಬೇಕಾದದ್ದು ಬಲಗೈ. ಟೈಪಿಂಗ್ ಕ್ಲಾಸಿನಲ್ಲಿ ಕಲಿತವರು ಯಾರೇ ಆಗಲಿ ಹಾಗೇ ಹಿಡಿಯುತ್ತಾರೆ. ಅಂದರೆ ಇಂಗ್ಲಿಷಿನವನಿಗೆ ವಾಕ್ಯಕ್ಕೊಮ್ಮೆ ನೆನಪಾಗುವ ಬಲಗಡೆಯ ಶಿಫ್ಟ್ ಕನ್ನಡದವನಿಗೆ ಪದಪದಕ್ಕೂ ಬೇಕು. ಚಿಕ್ಕ ಕೀಬೋರ್ಡ್ ಮಾಡುವ ಪುಣ್ಯಾತ್ಮರು ಬಾಣದ ಕೀಗಳಿಗೆ ಜಾಗ ಮಾಡಲು ಮೊದಲು ಕತ್ತರಿಸುವುದೇ ಆ ಬಲಗಡೆಯ ಶಿಫ್ಟನ್ನು. ಅವರಿಗೇನು ಗೊತ್ತು, ಕೊಲ್ಹಾರದಲ್ಲಿ ಒಬ್ಬ ಕಾಕಾ ದೀರ್ಘ ಎಳೆಯಲು ಹೋಗಿ ಮೇಲಿನ ಸಾಲಿಗೆ ಹಾರುತ್ತಾರೆಂದು.

ಇನ್ನೊಂದು ಕೀ ಇದೆ, ಎಫ್. ಒತ್ತಕ್ಷರ ಬರಬೇಕಾದರೆ ಮೇಲಿನ ಅಕ್ಷರ ಆದ ಮೇಲೆ ಎಫ್, ಆಮೇಲೆ ಕೆಳಗಿನ ಅಕ್ಷರ. ಅಜ್ಜ, ಅಕ್ಕ, ಅಣ್ಣ, ಎಮ್ಮಿ ಯಾವುದೂ ಎಫ್ ಇಲ್ಲದೆ ಹುಟ್ಟುವುದಿಲ್ಲ. ಕಾಕಾನ ಕೀಬೋರ್ಡಿನಲ್ಲಿ ಎಫ್ ಅಕ್ಷರ ಪೂರ್ತಿ ಅಳಿದುಹೋಗಿದೆ. ತೋರುಬೆರಳಿಗೆ ಗುರುತಿರಲೆಂದು ಅದರ ಮೇಲಿರುವ ಸಣ್ಣ ಗೆರೆಯೂ ಸವೆದು ನುಣ್ಣಗಾಗಿದೆ. ಪಕ್ಕದ ಜಿ ಇನ್ನೂ ಮದುವಣಗಿತ್ತಿ. ಎಲ್ಲಾದರೂ ಹಳೆಯ ಕೀಬೋರ್ಡ್ ಕಂಡರೆ ಜಾತಕ ಹೇಳುವುದು ಸುಲಭ: ಎಫ್ ಸವೆದಿದ್ದರೆ ನುಡಿಯವರದು, ಡಿ ಸವೆದಿದ್ದರೆ ಇನ್‌ಸ್ಕ್ರಿಪ್ಟ್ ಕಲಿತವರದು, ಡಬ್ಲ್ಯೂ ಎ ಎಸ್ ಡಿ ನಾಲ್ಕೂ ಸವೆದಿದ್ದರೆ ಆ ಮನೆಯ ಹುಡುಗ ಓದುತ್ತಿಲ್ಲ.

ಇನ್ನು ಸ್ವಿಚ್ಚಿನ ಬಣ್ಣದ ವಿಚಾರ. ಹುಡುಗರು ಬಹಳ ಗಂಭೀರವಾಗಿ ಮಾತಾಡುವುದು ಇಲ್ಲೇ. ಮುನ್ನೂರು ನಾನೂರು ರೂಪಾಯಿಯ ಸಾದಾ ಕೀಬೋರ್ಡಿನಲ್ಲಿ ಎಲ್ಲ ಕೀಗಳ ಕೆಳಗೆ ಒಂದೇ ರಬ್ಬರ್ ಹಾಳೆ; ಗುಳ್ಳೆ ಪೂರ್ತಿ ಕುಸಿದು ತಳ ಮುಟ್ಟಿದರೇ ಅಕ್ಷರ. ಮೆಕ್ಯಾನಿಕಲ್ಲಿನಲ್ಲಿ ಒಂದೊಂದು ಕೀಗೂ ಸ್ವಂತ ಸ್ಪ್ರಿಂಗು, ಸ್ವಂತ ಸ್ವಿಚ್ಚು. ಚೆರ್ರಿ ತರಹದ ಸ್ವಿಚ್ ಒಟ್ಟು 4 ಮಿಲಿಮೀಟರ್ ಕೆಳಗಿಳಿಯುತ್ತದೆ, ಅಕ್ಷರ ಮಾತ್ರ ಸುಮಾರು 2 ಮಿಲಿಮೀಟರಿಗೇ ಬಿದ್ದುಬಿಡುತ್ತದೆ. ನೀಲಿಯಾದರೆ ಆ ಜಾಗದಲ್ಲಿ ಕೈಗೊಂದು ತಡೆ ಸಿಕ್ಕಿ ಕಿವಿಗೂ ‘ಕ್ಲಿಕ್’ ಕೇಳುತ್ತದೆ. ಕಂದು ಕೈಗಷ್ಟೇ ತಿಳಿಸುತ್ತದೆ, ಕಿವಿಗೆ ಹೇಳುವುದಿಲ್ಲ. ಕೆಂಪು ಯಾರಿಗೂ ಏನೂ ಹೇಳದೆ ಸರ್ರನೆ ಇಳಿಯುತ್ತದೆ, 45 ಗ್ರಾಂ ಆಸುಪಾಸಿನ ಭಾರ ಸಾಕು. 2014ರ ಹೊತ್ತಿಗೆ ಚೆರ್ರಿಯ ಪೇಟೆಂಟ್ ಅವಧಿ ಮುಗಿಯಿತು. ಆಮೇಲೆ ಗೇಟ್ರಾನ್, ಕೈಲ್, ಔಟೆಮು ಎಂಬ ಚೀನಾದ ಕಂಪನಿಗಳು ಅದೇ ನೀಲಿ ಕಂದು ಕೆಂಪನ್ನು ಅಗ್ಗಕ್ಕೆ ಮಾಡಿ ಸುರಿದವು. ಈಗ ಹಳದಿ, ಬಿಳಿ, ಗುಲಾಬಿ, ಏನು ಕೇಳುತ್ತೀರಿ, ಇಳಕಲ್ ಸೀರೆಯಂಗಡಿಯಲ್ಲೂ ಇಷ್ಟು ಬಣ್ಣ ಬಿಚ್ಚಿ ಹಾಕುವುದಿಲ್ಲ.

ಎರಡೇ ಮಿಲಿಮೀಟರಿಗೆ ಅಕ್ಷರ ಬೀಳುತ್ತದೆ, ಕುಟ್ಟಬೇಡಿ ಎಂದು ಹುಡುಗ ಕಾಕಾಗೆ ತಿಳಿಹೇಳಿದ. ಕಾಕಾ ಕುಟ್ಟುವುದನ್ನು ಬಿಡುತ್ತಾರೆಯೇ? ಅವರ ಬೆರಳು ಪಳಗಿದ್ದು ಟೈಪ್‌ರೈಟರಿನ ಮೇಲೆ, ಅನಂತಸುಬ್ಬರಾಯರ ಕನ್ನಡ ಕೀಲಿಮಣೆಯ ಮೇಲೆ. ಮೇಲಾಗಿ ಆ ಕಾಲ ಎಂಥದು? 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿ ಆಣೆಕಟ್ಟಿಗೆ ಅಡಿಗಲ್ಲು ಇಟ್ಟರು, ಮುಂದೆ ಕೃಷ್ಣೆಯ ಹಿನ್ನೀರು ಏರಿ ಹಳೆ ಕೊಲ್ಹಾರವನ್ನು ನುಂಗಿತು. ಊರು ಮುಳುಗುವುದೆಂದರೆ ನೀರು ಬರುವುದಕ್ಕಿಂತ ಮೊದಲು ಕಾಗದ ಬರುತ್ತದೆ. ಮನೆಗೆ ಪರಿಹಾರ, ಹೊಲಕ್ಕೆ ಪರಿಹಾರ, ಹಿತ್ತಲ ಗಿಡಕ್ಕೆ ಬೇರೆ ಪರಿಹಾರ, ಹೊಸ ಊರಿನಲ್ಲಿ ಪ್ಲಾಟು, ಪ್ಲಾಟಿನ ಹಕ್ಕುಪತ್ರದಲ್ಲಿ ಅಪ್ಪನ ಹೆಸರು ತಪ್ಪು, ಆ ತಪ್ಪಿಗೆ ಮತ್ತೊಂದು ಅರ್ಜಿ. ಕಾರ್ಬನ್ ಇಟ್ಟು ಅರ್ಜಿ ಹೊಡೆಯುವಾಗ ಮೆತ್ತಗೆ ಒತ್ತಿದರೆ ಕೊನೆಯ ಪ್ರತಿ ಬೆಳ್ಳಗೇ ಉಳಿಯುತ್ತದೆ, ಮತ್ತು ಕೊನೆಯ ಪ್ರತಿಯೇ ಅರ್ಜಿದಾರನ ಕೈಗೆ ಸಿಗುವುದು. ಹಾಗೆ ಕುಟ್ಟಿ ಕುಟ್ಟಿ ಪಳಗಿದ ಬೆರಳಿಗೆ ಕೆಂಪು ಸ್ವಿಚ್ ಕೊಟ್ಟು ನೋಡಿ: ಬೆರಳು ಇಟ್ಟಲ್ಲೇ ಅಕ್ಷರ ಬಿದ್ದು ‘ಅರ್ಜಿದಾರ’ ಹೋಗಿ ‘ಅರ್ಜಿದಾರರರ’ ಆಗುತ್ತಾನೆ. ಕುಟ್ಟುವ ಕೈಗೆ ನೀಲಿಯೇ ಸರಿ. ಅಕ್ಷರ ಬಿದ್ದದ್ದಕ್ಕೆ ಅದು ರಸೀದಿ ಕೊಡುತ್ತದೆ, ನಮ್ಮ ಜನಕ್ಕೆ ರಸೀದಿ ಇಲ್ಲದೆ ನಂಬಿಕೆ ಬರುವುದಿಲ್ಲ.

ಅಂಗಡಿಗೆ ಅದು ಚಂದ. ಮುಂದೆ ಹತ್ತು ಜನ ನಿಂತಿರುತ್ತಾರೆ, ಹೆದ್ದಾರಿಯ ಮೇಲೆ ಲಾರಿ ಹಾರ್ನ್ ಹೊಡೆಯುತ್ತಿರುತ್ತದೆ, ಝೆರಾಕ್ಸ್ ಮಷೀನು ಒದರುತ್ತಿರುತ್ತದೆ. ಅದರ ನಡುವೆ ಟಕಟಕ ಕೇಳಿದರೆ ಗಿರಾಕಿಗೂ ಸಮಾಧಾನ, ಕೊಟ್ಟ ದುಡ್ಡಿಗೆ ಕೆಲಸ ನಡೆದಿದೆ ಅಂತ. ಮನೆಗೆ ತಂದಿರೋ, ಸಂಸಾರ ಕೆಟ್ಟಿತು. ನಮ್ಮ ಅಕ್ಕನ ಮಗ ತನ್ನ ಹಳೆಯ ನೀಲಿ ಕೀಬೋರ್ಡನ್ನು ಇಲ್ಲಿನ ಮನೆಯಲ್ಲೇ ಇಟ್ಟುಕೊಂಡಿದ್ದ. ಬ್ಯಾಸಗಿಯ ರಾತ್ರಿ, ಎಲ್ಲರೂ ಮಾಳಿಗೆ ಮೇಲೆ ಮಲಗಿದ್ದಾರೆ, ಇವನು ಕೆಳಗೆ ಕಿಡಕಿ ತೆರೆದು ಕೆಲಸಕ್ಕೆ ಕೂತ. ಮರುದಿನ ಮುಂಜಾನೆ ಅಕ್ಕ ಚಹಾ ಕೊಡುತ್ತಾ ಅಂದಳು: “ರಾತ್ರಿಯೆಲ್ಲಾ ಮನ್ಯಾಗಿನ ಹಲ್ಲಿ ಒಮ್ಮಿಗೇ ಕೂಡಿ ಲೊಚಗುಟ್ಟಿದಂಗ ಆತು ನೋಡಪಾ. ಶಕುನ ಶುಭನೋ ಅಶುಭನೋ ಅನ್ನೂದ ತಿಳೀಲಿಲ್ಲ, ನಿದ್ದಿ ಅಂತೂ ಹತ್ತಲಿಲ್ಲ.” ಅವತ್ತೇ ಅವನು ಕಂದಿಗೆ ಬದಲಾದ. ಕಂದು ಸ್ವಿಚ್ಚನ್ನು ಎರಡು ಕಡೆಯೂ ಸಲ್ಲದ್ದು ಎಂದು ಶುದ್ಧ ಸಂಪ್ರದಾಯಸ್ಥರು ಹೀಯಾಳಿಸುತ್ತಾರೆ. ಸಂಸಾರಸ್ಥರು ಹೀಯಾಳಿಸುವುದಿಲ್ಲ.

ಬಾಳಿಕೆಯ ಮಾತು ಬಂದರೆ ಕಂಪನಿಯವರು ಕೋಟಿಗಳಲ್ಲೇ ಮಾತಾಡುತ್ತಾರೆ. ಚೆರ್ರಿಯ ನೀಲಿ ಸ್ವಿಚ್ಚಿಗೆ 5 ಕೋಟಿ ಒತ್ತು ಎಂದು ಲೆಕ್ಕ ಕೊಟ್ಟಿದ್ದಾರೆ. ಕಾಕಾ ದಿನಕ್ಕೆ ಎಫ್ ಅನ್ನು 2,500 ಸಲ ಒತ್ತುತ್ತಾರೆ ಎಂದಿಟ್ಟುಕೊಳ್ಳಿ, ವರ್ಷಕ್ಕೆ 300 ದಿನ ಅಂಗಡಿ. 66 ವರ್ಷ ಬಂತು. ಅಷ್ಟು ದಿನ ಕಾಕಾಗೆ ಯಾರು ಗ್ಯಾರಂಟಿ ಕೊಟ್ಟಿದ್ದಾರೆ? ರಬ್ಬರಿನದಕ್ಕೆ ಸಾಮಾನ್ಯವಾಗಿ 50 ಲಕ್ಷ, 1 ಕೋಟಿ ಎನ್ನುತ್ತಾರೆ. 50 ಲಕ್ಷವೇ ಹಿಡಿದರೂ ಆರೂವರೆ ವರ್ಷ. ಹಾಗೆ ನೋಡಿದರೆ ಬಡವನ ಕೀಬೋರ್ಡೂ ಕೆಟ್ಟದ್ದಲ್ಲ. ಆದರೆ ನಮ್ಮ ಕಡೆ ಕೀಬೋರ್ಡ್ ಸಾಯುವುದು ಒತ್ತಿ ಒತ್ತಿ ಅಲ್ಲ. ಕೃಷ್ಣೆಯ ದಂಡೆಯಲ್ಲಿದ್ದರೂ ಕೊಲ್ಹಾರದ ಬ್ಯಾಸಗಿ ಬಿಸಿಲಿಗೆ ಧೂಳಿನ ಬಡತನವಿಲ್ಲ. ಜೊತೆಗೆ ಚುರಮುರಿ, ಶೇಂಗಾದ ಸಿಪ್ಪೆ, ಅರ್ಧ ಕಪ್ ಚಹಾ. ಗಿರಾಕಿ ಪ್ರೀತಿಯಿಂದ ತಂದ ಗಡಿಗೆ ಮೊಸರೂ ಒಮ್ಮೊಮ್ಮೆ ಟೇಬಲ್ ಮೇಲೇ ಕೂರುತ್ತದೆ. ಕೊಲ್ಹಾರದ ಮೊಸರು ಗಟ್ಟಿ, ಗಡಿಗೆ ಉರುಳಿದರೂ ಸುಲಭಕ್ಕೆ ಹರಿಯುವುದಿಲ್ಲ, ಅದೊಂದು ಪುಣ್ಯ. ಮೆಕ್ಯಾನಿಕಲ್ಲಿನ ನಿಜವಾದ ಗುಣ ಇಲ್ಲಿ ಗೊತ್ತಾಗುತ್ತದೆ. ಕೀ ಟೊಪ್ಪಿಗೆಗಳನ್ನು ಕಿತ್ತು ತೆಗೆದು, ಸೋಪಿನ ನೀರಿನಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ ಮತ್ತೆ ಹಾಕಬಹುದು. ಒಂದು ಕೀ ಸತ್ತರೆ ಆ ಸ್ವಿಚ್ಚೊಂದನ್ನೇ ಬದಲಿಸಬಹುದು. ಹಾಟ್‌ಸ್ವಾಪ್ ಇದ್ದರೆ ಎಳೆದು ಸಿಕ್ಕಿಸಿದರಾಯಿತು, ಇಲ್ಲದಿದ್ದರೆ ಬೆಸುಗೆ ಬಿಚ್ಚಬೇಕು. ಮೊಬೈಲ್ ರಿಪೇರಿ ಹುಡುಗನ ಕೈಯಲ್ಲಿ ಬೆಸುಗೆ ಕಡ್ಡಿ ಇರುತ್ತದೆ, ಎರಡು ಕಾಲಿನ ಕೆಲಸ, ಒಲ್ಲೆ ಅನ್ನುವುದಿಲ್ಲ. ಟೊಪ್ಪಿಗೆ ಪಿಬಿಟಿ ಪ್ಲಾಸ್ಟಿಕ್‌ನದಾದರೆ ಮೈ ಒರಟಾಗಿಯೇ ಉಳಿಯುತ್ತದೆ. ಎಬಿಎಸ್ ಆದರೆ ಕೆಲ ಕಾಲದಲ್ಲೇ ಎಣ್ಣೆ ಹಚ್ಚಿದ ತಲೆಯ ಹೊಳಪು.

ನಂಬರ್ ಪ್ಯಾಡಿನ ವಿಷಯದಲ್ಲಿ ಮಾತ್ರ ನಾನು ಯಾರ ಜೊತೆಗೂ ರಾಜಿಯಾಗಲಾರೆ. ಬಲಗಡೆಯ ಆ ಅಂಕಿಗಳ ಮನೆಯನ್ನು ಈಗಿನವರು ಕತ್ತರಿಸಿ ಎಸೆದಿದ್ದಾರೆ, ಮೌಸಿಗೆ ಜಾಗ ಬೇಕಂತೆ. ಬರಲಿ ಒಮ್ಮೆ ಕೊಲ್ಹಾರಕ್ಕೆ. ಒಂದು ಅರ್ಜಿಗೆ ಆಧಾರ್ 12 ಅಂಕಿ, ಮೊಬೈಲ್ 10 ಅಂಕಿ, ಬ್ಯಾಂಕ್ ಖಾತೆ, ಸರ್ವೆ ನಂಬರು, ಅದಕ್ಕೊಂದು ಹಿಸ್ಸಾ, ಎಕರೆ, ಗುಂಟೆ. ಮುಳುಗಡೆ ಸೀಮೆಯವರ ಬಾಯಲ್ಲಿ ಇನ್ನೂ ಎರಡು ಅಂಕಿ ಸದಾ ಇರುತ್ತವೆ: ಆಣೆಕಟ್ಟಿನ ಈಗಿನ ಮಟ್ಟ 519.60 ಮೀಟರ್, ಏರಿಸಬೇಕೆಂದಿರುವ ಮಟ್ಟ 524.256 ಮೀಟರ್. ಆ ನಾಲ್ಕೂವರೆ ಚಿಲ್ಲರೆ ಮೀಟರಿನ ನಡುವೆ ಇನ್ನೆಷ್ಟು ಅರ್ಜಿ ಕೂತಿವೆಯೋ! ಅಷ್ಟನ್ನೂ ಮೇಲಿನ ಸಾಲಿನ ಅಂಕಿಗಳಲ್ಲಿ ಹುಡುಕಿ ಹುಡುಕಿ ಒತ್ತಿದರೆ ಕಾಕಾನ ಕುತ್ತಿಗೆ ಹಿಡಿಯುತ್ತದೆ. ಒಂದು ಅಂಕಿ ತಪ್ಪಿದರೆ ಗಿರಾಕಿ ಬಂದು ಹಿಡಿಯುವುದೂ ಕುತ್ತಿಗೆಯನ್ನೇ.

ಬ್ಲೂಟೂತ್ ಬೇಡ. ಚಾರ್ಜ್ ಮುಗಿಯುವುದು ಯಾವಾಗಲೂ ಸಬ್‌ರಿಜಿಸ್ಟ್ರಾರ್ ಕಚೇರಿ ಮುಚ್ಚುವ ಹೊತ್ತಿಗೇ.

ಟೈಪಿಂಗ್ ಪರೀಕ್ಷೆಗೆ, ನೌಕರಿಗೆ ತಯಾರಾಗುತ್ತಿರುವ ಹುಡುಗ ಹುಡುಗಿಯರು ಇದನ್ನು ಓದುತ್ತಿದ್ದರೆ ಅವರಿಗೆ ಬೇರೆಯೇ ಮಾತು: ಸದ್ಯ ಕೊಳ್ಳಬೇಡಿ. ಪರೀಕ್ಷಾ ಕೇಂದ್ರದಲ್ಲಿ ನಿಮ್ಮ ಮೆತ್ತನೆಯ ಕೆಂಪು ಸ್ವಿಚ್ ಇಟ್ಟುಕೊಂಡು ಯಾರೂ ಕಾಯುತ್ತಿರುವುದಿಲ್ಲ. ಅಲ್ಲಿ ಕೊಟ್ಟದ್ದರ ಮೇಲೇ ಒತ್ತಬೇಕು, ಅದು ಬಿಗಿಯಾದ ರಬ್ಬರಿನದೂ ಆಗಿರಬಹುದು, ಕಟಕಟ ಅನ್ನುವ ಹಳೆಯದೂ ಆಗಿರಬಹುದು. ಕೆಟ್ಟ ಕೀಬೋರ್ಡಿನ ಮೇಲೆ ಕಲಿತವನು ಎಲ್ಲದರ ಮೇಲೂ ಒತ್ತುತ್ತಾನೆ. ಒಳ್ಳೆಯದರ ಮೇಲೇ ಕಲಿತವನು ಪರೀಕ್ಷೆಯ ಮೊದಲ ಐದು ನಿಮಿಷ ಕೀಬೋರ್ಡನ್ನು ಬಯ್ಯುತ್ತಾ ಕೂರುತ್ತಾನೆ. ನೌಕರಿ ಸಿಕ್ಕ ಮೇಲೆ ಮೊದಲ ಪಗಾರದಲ್ಲಿ ಬೇಕಾದ ಬಣ್ಣದ್ದು ಕೊಳ್ಳಿ.

ಉಳಿದವರಿಗೆ ನನ್ನ ತೀರ್ಪು ಇದು. ಅಂಗಡಿಗೆ ನೀಲಿ, ಮನೆಗೆ ಕಂದು. ಕೆಂಪು ಬೇಕಾದರೆ ಮೊದಲು ಕೈ ಹಗುರ ಮಾಡಿಕೊಳ್ಳಿ. ಎರಡೂ ಶಿಫ್ಟ್ ಉದ್ದವಾಗಿರಲಿ, ನಂಬರ್ ಪ್ಯಾಡ್ ಇರಲಿ, ವಯರ್ ಇರಲಿ. ದೀಪದ ದುಡ್ಡನ್ನು ಪಿಬಿಟಿ ಟೊಪ್ಪಿಗೆಗೆ ಹಾಕಿ. ಮೆಕ್ಯಾನಿಕಲ್ ಕೀಬೋರ್ಡ್ ಸ್ವಲ್ಪ ಎತ್ತರ ಇರುತ್ತದೆ, ಮಣಿಕಟ್ಟಿನ ಕೆಳಗೆ ಟವೆಲ್ ಮಡಚಿ ಇಟ್ಟುಕೊಂಡರೆ ಸಾಕು, ಅದಕ್ಕೂ ಸಾವಿರ ರೂಪಾಯಿಯ ಕಟ್ಟಿಗೆ ಪಟ್ಟಿ ಬೇಡ. ಎರಡು ಮೂರು ಸಾವಿರದೊಳಗೆ ದಿನಬಳಕೆಗೆ ಆಗುವಂಥದ್ದು ಸಿಗುತ್ತದೆ. ಫೋಟೋ ನೋಡಿ ತರಿಸುವ ಮೊದಲು ವಿಜಯಪುರಕ್ಕೋ ಬೆಂಗಳೂರಿನ ಎಸ್.ಪಿ. ರೋಡಿಗೋ ಹೋದಾಗ ಯಾವುದಾದರೂ ಅಂಗಡಿಯಲ್ಲಿ ಕೂತು ಕೈಯಿಂದ ಒತ್ತಿ ನೋಡಿ. ಆಗ ‘ಹಲೋ’ ಅಂತ ಇಂಗ್ಲಿಷಿನಲ್ಲಿ ಒತ್ತಿ ಎದ್ದು ಬರಬೇಡಿ. ನುಡಿ ಜೋಡಣೆಯಲ್ಲಿ ‘ಸ್ತ್ರೀ ಶಕ್ತಿ ಸ್ವಸಹಾಯ ಸಂಘ’ ಎಂದು ಹತ್ತು ಸಲ ಬರೆಯಿರಿ. ಅದರಲ್ಲಿ ಎಫ್ 4 ಸಲ ಬರುತ್ತದೆ, ಶಿಫ್ಟ್ 5 ಸಲ, ಅದೂ ಎಡಕ್ಕೆ ಎರಡು, ಬಲಕ್ಕೆ ಮೂರು. ಹತ್ತನೆಯ ಸಲಕ್ಕೂ ಸಂಘ ನೆಟ್ಟಗೆ ಇದ್ದರೆ ದುಡ್ಡು ಕೊಟ್ಟು ತನ್ನಿ.